ಅಜ್ಜಿಯ ಡಬ್ಬಿಯಿಂದ ಆಲ್ಬಮಿಗೆ: ಹಳೆಯ ನಾಣ್ಯಗಳನ್ನು ಮನೆಯಲ್ಲಿ ಕಾಪಾಡುವ ಬಗೆ



ಅಕೌಂಟೆನ್ಸಿ ತರಗತಿಯಲ್ಲಿ ನಾವು ಮೊದಲು ಕಲಿಯುವ ಪಾಠ ಒಂದೇ: ವ್ಯವಹಾರ ನಡೆದ ಕೂಡಲೇ ಬರೆದಿಡಬೇಕು. ಬರೆಯದ ಲೆಕ್ಕ ಲೆಕ್ಕವೇ ಅಲ್ಲ. ಆದರೆ ನಮ್ಮ ಮನೆಗಳಲ್ಲಿರುವ ಹಳೆಯ ನಾಣ್ಯಗಳಿಗೆ ಈ ನಿಯಮ ಇನ್ನೂ ತಲುಪಿಲ್ಲ. ಅವು ಟ್ರಂಕಿನ ಮೂಲೆಯಲ್ಲಿ, ಬಟ್ಟೆಯ ಗಂಟಿನಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತವೆ. ಹಣದ ಅಡಚಣೆ ಬಂದಾಗ ಅಕ್ಕಸಾಲಿಗನ ತಕ್ಕಡಿಗೆ ಹೋಗುತ್ತವೆ. ಯಾವ ನಾಣ್ಯ, ಯಾವ ವರ್ಷದ್ದು, ಯಾರದು ಎಂಬುದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ನಾಣ್ಯಗಳನ್ನು ಆಲ್ಬಮಿನಲ್ಲಿ ಇಡುವುದು ಹೇಗೆ, ಇತರರಿಗೆ ತೋರಿಸುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಅವುಗಳ ಲೆಕ್ಕ ಬರೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ನಮ್ಮ ಮನೆಗಳಲ್ಲಿ ಸಿಗುವ ನಾಣ್ಯಗಳು ಯಾವುವು?

ಯಾದಗಿರಿ, ಶಹಾಪುರ, ಸುರಪುರ ಮೂರೂ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸುರಪುರ 1858ರವರೆಗೆ ನಾಯಕ ಅರಸರ ಸಂಸ್ಥಾನವಾಗಿತ್ತು. 1860ರ ಒಪ್ಪಂದದ ಪ್ರಕಾರ ಬ್ರಿಟಿಷರು ಅದನ್ನು ನಿಜಾಮರಿಗೆ ಬಿಟ್ಟುಕೊಟ್ಟರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನಮ್ಮ ಭಾಗ ಕನ್ನಡ ನಾಡಿಗೆ ಸೇರಿತು. ಆದ್ದರಿಂದ ನಮ್ಮ ಊರುಗಳ ಹಳೆಯ ಮನೆಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನಾಣ್ಯಗಳು ಇರಬಹುದು.

1. ಹಾಲಿ ಸಿಕ್ಕಾ: ನಿಜಾಮರ ಸರ್ಕಾರದ ನಾಣ್ಯ. ಉಸ್ಮಾನಿಯಾ ಸಿಕ್ಕಾ ಎಂದೂ ಹೆಸರು. ಚಾರ್‌ಮಿನಾರ್ ಚಿತ್ರವಿರುವ ಬೆಳ್ಳಿ ರೂಪಾಯಿ, ಎಂಟಾಣೆ, ನಾಲ್ಕಾಣೆ, ಎರಡಾಣೆ, ಜೊತೆಗೆ ಒಂದಾಣೆ ಮತ್ತು ಕಂಚಿನ ಪಾಯಿಗಳು.

2. ಕಲ್ದಾರ್: ಬ್ರಿಟಿಷ್ ಭಾರತದ ನಾಣ್ಯ. ರಾಣಿ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಮತ್ತು ಆರನೆಯ ಜಾರ್ಜ್ ಇವರ ಮುಖ ಇರುತ್ತದೆ. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದ ನಾಣ್ಯ ಕಲ್ದಾರ್.

3. ಸ್ವತಂತ್ರ ಭಾರತದ ನಾಣ್ಯ: ಮೊದಲು ಆಣೆ, 1957ರ ಏಪ್ರಿಲ್ 1ರಿಂದ ನಯಾ ಪೈಸೆ, 1964ರಿಂದ ಬರೀ ಪೈಸೆ. ಒಂದು, ಎರಡು, ಮೂರು, ಐದು, ಹತ್ತು, ಇಪ್ಪತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯಗಳನ್ನು ನಮ್ಮ ತಂದೆ ತಾಯಿ ಕೈಯಲ್ಲಿ ಹಿಡಿದಿದ್ದಾರೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು.

ಹೈದರಾಬಾದಿನ ಸೈಫಾಬಾದ್ ಟಂಕಸಾಲೆ 1903ರಲ್ಲಿ ಶುರುವಾಯಿತು. ಚಾರ್‌ಮಿನಾರ್ ನಾಣ್ಯಗಳು ಅಚ್ಚಾಗಿದ್ದು ಅಲ್ಲಿ. 1950ರಲ್ಲಿ ಅದು ಭಾರತ ಸರ್ಕಾರದ ಟಂಕಸಾಲೆಯಾಯಿತು, 1997ರಲ್ಲಿ ಚೆರ್ಲಪಲ್ಲಿಗೆ ಸ್ಥಳಾಂತರವಾಯಿತು. ಇಂದಿನ ನಾಣ್ಯದಲ್ಲಿ ಇಸವಿಯ ಕೆಳಗೆ ಸಣ್ಣ ನಕ್ಷತ್ರ ಕಂಡರೆ ಅದು ಹೈದರಾಬಾದಿನದು. ವಜ್ರಾಕಾರ ಮುಂಬೈಯದು, ಚುಕ್ಕೆ ನೊಯ್ಡಾದು, ಏನೂ ಗುರುತಿಲ್ಲದ್ದು ಕೋಲ್ಕತ್ತಾದು. ಅಂದರೆ ನಿಮ್ಮ ಜೇಬಿನಲ್ಲಿರುವ ನಕ್ಷತ್ರದ ನಾಣ್ಯ ಮತ್ತು ಅಜ್ಜಿಯ ಚಾರ್‌ಮಿನಾರ್ ರೂಪಾಯಿ ಒಂದೇ ವಂಶದವು. ಹಳೆಯ ಸೈಫಾಬಾದ್ ಕಟ್ಟಡದಲ್ಲಿ 2022ರಿಂದ ವಸ್ತುಸಂಗ್ರಹಾಲಯ ಇದೆ. ಹೈದರಾಬಾದಿಗೆ ಹೋದವರು ನೋಡಿ ಬರಬಹುದು.

ಹಾಲಿ ನಾಣ್ಯವನ್ನು ಓದುವುದು

ನಾಣ್ಯವನ್ನು ಓದಲು ಬಂದರೆ ಮಾತ್ರ ಆಲ್ಬಮಿನಲ್ಲಿ ಸರಿಯಾದ ಜಾಗದಲ್ಲಿ ಇಡಬಹುದು. ನಮ್ಮ ಮನೆಮಾತು ಉರ್ದು. ಆದ್ದರಿಂದ ನನಗೆ ಈ ಅಕ್ಷರಗಳ ಪರಿಚಯವಿದೆ. ಉರ್ದು ಬಾರದ ಸ್ನೇಹಿತರಿಗೆ ಇಷ್ಟು ತಿಳಿದರೆ ಸಾಕು.

ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆದರೆ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ಒಂದು ಎಂದರೆ ನೇರ ಗೆರೆ. ಸೊನ್ನೆ ಎಂದರೆ ಬರೀ ಚುಕ್ಕೆ. ಏಳು ಮೇಲೆ ಬಾಯಿ ತೆರೆದ ಕವಲುಕೋಲಿನಂತೆ, ಎಂಟು ಅದೇ ಕವಲುಕೋಲನ್ನು ತಲೆಕೆಳಗು ಮಾಡಿದಂತೆ. ಒಂಬತ್ತು ಇಂಗ್ಲಿಷಿನ 9ರಂತೆಯೇ ಇರುತ್ತದೆ. ಎರಡು ಮತ್ತು ಮೂರಕ್ಕೆ ತಲೆಯ ಮೇಲೆ ಹಲ್ಲುಗಳಿವೆ. ಒಂದು ಹಲ್ಲು ಹೆಚ್ಚಿದ್ದರೆ ಮೂರು. ನಾಲ್ಕು, ಐದು, ಆರು ಗೊಂದಲ ಮಾಡುತ್ತವೆ. ಅವಕ್ಕೆ ಉರ್ದು ಮೇಷ್ಟ್ರನ್ನು ಅಥವಾ ಪಕ್ಕದ ಬೆಂಚಿನ ಗೆಳೆಯರನ್ನು ಕೇಳಿ.

ನಾಣ್ಯದ ಮೇಲಿನ ನಾಲ್ಕು ಅಂಕಿಯ ಸಂಖ್ಯೆ ಹಿಜರಿ ವರ್ಷ. ಅದನ್ನು ಕ್ರಿಸ್ತಶಕಕ್ಕೆ ತರಲು 0.97ರಿಂದ ಗುಣಿಸಿ 622 ಕೂಡಿಸಿ. ಉದಾಹರಣೆಗೆ ಹಿಜರಿ 1343: 1343 × 0.97 = 1302.7; ಅದಕ್ಕೆ 622 ಸೇರಿದರೆ 1924.7. ಅಂದರೆ 1924–25. ಒಂದೆರಡು ಅಂಕಿಯ ಇನ್ನೊಂದು ಸಂಖ್ಯೆ ಅರಸರ ಆಳ್ವಿಕೆಯ ವರ್ಷ.

ಇದಲ್ಲದೆ 92 ಎಂಬ ಸಂಖ್ಯೆಯೂ ಕಾಣಬಹುದು. ಅದು ವರ್ಷವಲ್ಲ. ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಮೀಮ್ 40, ಹೇ 8, ಮೀಮ್ 40, ದಾಲ್ 4 ಕೂಡಿಸಿದರೆ 92. ಇದು ಮುಹಮ್ಮದ್ ಎಂಬ ಹೆಸರಿನ ಮೊತ್ತ.

ಚಾರ್‌ಮಿನಾರಿನ ಬಾಗಿಲಲ್ಲಿ ಒಂದು ಪುಟ್ಟ ಅಕ್ಷರ ಇರುತ್ತದೆ. ಅದು ಮೀಮ್ ಆಗಿದ್ದರೆ ಮೀರ್ ಮಹಬೂಬ್ ಅಲಿ ಖಾನ್ ಕಾಲದ್ದು, ಐನ್ ಆಗಿದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ್ದು. ಇಡೀ ನಾಣ್ಯ ಸವೆದಿದ್ದರೂ ಈ ಒಂದು ಅಕ್ಷರ ಉಳಿದಿದ್ದರೆ ಅರಸರ ಹೆಸರು ಹೇಳಬಹುದು. ಭೂತಗನ್ನಡಿ ಹಿಡಿದು ನೋಡಿ.

ಏಳು ಹಾಲಿಗೆ ಆರು ಕಲ್ದಾರ್

ವಾಣಿಜ್ಯ ವಿಭಾಗದವರಿಗೆ ಇಲ್ಲೊಂದು ಲೆಕ್ಕ ಇದೆ. 100 ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪಾಯಿ ಹಾಲಿ ಎಂಬುದು ಅಂದಿನ ವಿನಿಮಯ ದರ. ರೂಪಾಯಿಗೆ 16 ಆಣೆ, ಆಣೆಗೆ 12 ಪಾಯಿ. ಹಾಗಾಗಿ 10 ಆಣೆ 8 ಪಾಯಿ ಎಂದರೆ ರೂಪಾಯಿಯ ಮೂರನೆಯ ಎರಡು ಭಾಗ. ಸರಳವಾಗಿ ಹೇಳಿದರೆ 6 ಕಲ್ದಾರ್‌ಗೆ 7 ಹಾಲಿ.

ಈ ದರ ನಾಣ್ಯದ ಲೋಹಕ್ಕೂ ಹೊಂದುತ್ತದೆ. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8. ಒಂದು ನಾಣ್ಯದಲ್ಲಿ ಸುಮಾರು 9.15 ಗ್ರಾಂ, ಏಳರಲ್ಲಿ ಸುಮಾರು 64 ಗ್ರಾಂ ಬೆಳ್ಳಿ. 1940ಕ್ಕಿಂತ ಮೊದಲಿನ ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಒಂದರಲ್ಲಿ ಸುಮಾರು 10.69 ಗ್ರಾಂ, ಆರರಲ್ಲಿಯೂ ಸುಮಾರು 64 ಗ್ರಾಂ. ತಕ್ಕಡಿಯ ಎರಡೂ ಕಡೆ ಸಮ! 1940ರಿಂದ ಬ್ರಿಟಿಷ್ ರೂಪಾಯಿಯ ಬೆಳ್ಳಿಯನ್ನು ಶೇ. 50ಕ್ಕೆ ಇಳಿಸಿದರು, 1947ರ ರೂಪಾಯಿ ಬರೀ ನಿಕ್ಕಲ್. ಆದ್ದರಿಂದ ಎಲ್ಲ ಹಳೆಯ ರೂಪಾಯಿಯೂ ಒಂದೇ ಬೆಳ್ಳಿ ಎಂದು ತಿಳಿಯಬಾರದು.

ನಾಣ್ಯದ ಶತ್ರುಗಳು

ಅ) ತಿಕ್ಕಿ ತೊಳೆಯುವುದು. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್, ಪಾತ್ರೆ ತಿಕ್ಕುವ ಪುಡಿ ಹಾಕಿದರೆ ನಾಣ್ಯ ಹೊಳೆಯುತ್ತದೆ ನಿಜ. ಆದರೆ ಮೇಲಿನ ಪದರ ಸವೆದು ಅಕ್ಷರಗಳು ಮಾಸುತ್ತವೆ. ಸಂಗ್ರಹಕಾರರು ತಿಕ್ಕಿದ ನಾಣ್ಯಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬೇಡಿ.

ಆ) ಬೆರಳಿನ ಬೆವರು. ಬೆವರಿನ ಉಪ್ಪು, ಎಣ್ಣೆ ಲೋಹದ ಮೇಲೆ ಕಲೆ ಬಿಡುತ್ತವೆ. ಕೈ ತೊಳೆದು ಒರೆಸಿಕೊಂಡು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಇ) ಗಂಧಕ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಒಲೆಯ ಹೊಗೆ ಇವುಗಳಲ್ಲಿ ಗಂಧಕದ ಅಂಶ ಇರುತ್ತದೆ. ಬೆಳ್ಳಿ ಕಪ್ಪಾಗುವುದು ಅದರಿಂದಲೇ. ನಾಣ್ಯಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಬೇಡಿ, ಅಡುಗೆಮನೆಯಲ್ಲಿ ಇಡಬೇಡಿ. ನುಸಿಗುಳಿಗೆಯನ್ನೂ ದೂರವಿಡಿ.

ಈ) ಕೆಟ್ಟ ಪ್ಲಾಸ್ಟಿಕ್. ಇದೇ ದೊಡ್ಡ ಶತ್ರು, ಏಕೆಂದರೆ ಇದು ಆಲ್ಬಮಿನ ವೇಷದಲ್ಲಿ ಬರುತ್ತದೆ. ಅಗ್ಗದ ಮೆತ್ತನೆಯ ಆಲ್ಬಂಗಳ ಜೇಬುಗಳು ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್‌ನವು. ಪಿವಿಸಿ ಕಾಲಕ್ರಮೇಣ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಅದು ತಾಮ್ರದ ಜೊತೆ ಸೇರಿ ಹಸಿರು ಅಂಟು ಅಂಟು ಕಲೆಯಾಗುತ್ತದೆ. ಬೆಳ್ಳಿ ನಾಣ್ಯದಲ್ಲಿಯೂ ತಾಮ್ರದ ಬೆರಕೆ ಇರುವುದರಿಂದ ಅದೂ ಪಾರಾಗುವುದಿಲ್ಲ. ಬಿಸಿ ಹೆಚ್ಚಿದಷ್ಟು ಈ ಕ್ರಿಯೆ ಬೇಗ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಅದೂ ತಗಡಿನ ಮನೆಯ ಅಟ್ಟದಲ್ಲಿ ಇಂಥ ಆಲ್ಬಂ ಇಟ್ಟರೆ ಏನಾಗಬಹುದು ಯೋಚಿಸಿ.

ಉ) ತೇವ. ಮಳೆಗಾಲದಲ್ಲಿ ಹೊರಗೋಡೆ ಮತ್ತು ಶಹಾಬಾದ್ ಕಲ್ಲಿನ ನೆಲ ತಣ್ಣಗಾಗಿ ಬೆವರುತ್ತವೆ. ನಾಣ್ಯಗಳನ್ನು ಒಳಗಿನ ಕೋಣೆಯ ಕಬ್ಬಿಣದ ಅಲ್ಮಾರಿಯಲ್ಲಿ, ನೆಲದಿಂದ ಮೇಲೆ ಇಡುವುದು ಒಳ್ಳೆಯದು.

ಯಾವ ಆಲ್ಬಂ ಕೊಳ್ಳಬೇಕು?

ಒಳ್ಳೆಯ ಪ್ಲಾಸ್ಟಿಕ್ ಮೂರು: ಪಾಲಿಥೀನ್, ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್. ಪಾಲಿಯೆಸ್ಟರ್ ಹಾಳೆಯನ್ನು ಮೈಲಾರ್ ಎಂದೂ ಕರೆಯುತ್ತಾರೆ. ಗುರುತಿಸಲು ಸುಲಭದ ಪರೀಕ್ಷೆಗಳಿವೆ. ಹೊಸ ರೇನ್‌ಕೋಟಿನ ವಾಸನೆ ಬಂದು, ಮುಟ್ಟಿದರೆ ಮೆತ್ತಗಿದ್ದು ಅಂಟಿದಂತಾದರೆ ಅದು ಪಿವಿಸಿ ಇರಬಹುದು. ಹಾಳೆಯ ಸಣ್ಣ ತುಂಡನ್ನು ನೀರಿನೊಳಗೆ ಅದುಮಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ. ಆದರೆ ಅದು ಮೆತ್ತಗಿರುವುದಿಲ್ಲ, ಮಡಿಸಿದರೆ ಚರಚರ ಸದ್ದು ಮಾಡುತ್ತದೆ.

ಸಂಗ್ರಹಕಾರರು ಹೆಚ್ಚು ಬಳಸುವುದು ರಟ್ಟಿನ ಹೋಲ್ಡರ್. ಎರಡು ಇಂಚು ಚೌಕದ ರಟ್ಟು, ನಡುವೆ ದುಂಡನೆಯ ಪಾರದರ್ಶಕ ಕಿಟಕಿ. ನಾಣ್ಯವನ್ನು ನಡುವೆ ಇಟ್ಟು ರಟ್ಟನ್ನು ಮಡಿಸಿ ಪಿನ್ ಹೊಡೆಯಬೇಕು. ನಂತರ ಅದನ್ನು 20 ಜೇಬುಗಳ ಹಾಳೆಗೆ ಹಾಕಿ ರಿಂಗ್ ಫೈಲಿಗೆ ಸೇರಿಸಬೇಕು. ಎರಡೂ ಬದಿ ಕಾಣುತ್ತದೆ. ರಟ್ಟಿನ ಮೇಲೆ ಬರೆಯಲು ಜಾಗವೂ ಇದೆ.

ಅಷ್ಟು ಖರ್ಚು ಬೇಡ ಎನ್ನುವವರು ಬೆಳ್ಳಿ ಬಂಗಾರದ ಅಂಗಡಿಯವರು ಬಳಸುವ ಸಣ್ಣ ಪಾಲಿಥೀನ್ ಜಿಪ್ ಕವರ್ ತರಬಹುದು. ಒಂದು ಕವರಿಗೆ ಒಂದೇ ನಾಣ್ಯ. ದುಬಾರಿ ಪಿವಿಸಿ ಆಲ್ಬಮಿಗಿಂತ ಈ ಕವರೇ ಮೇಲು.

ಆಲ್ಬಮಿಗೆ ಹಾಕುವ ಕ್ರಮ

1. ಮಂಚದ ಮೇಲೆ ದಪ್ಪ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ಕಲ್ಲಿನ ನೆಲದ ಮೇಲೆ ಬಿದ್ದ ನಾಣ್ಯದ ಅಂಚು ಜಜ್ಜಿಹೋಗುತ್ತದೆ.

2. ಸ್ಕೇಲಿನಿಂದ ಅಗಲ ಅಳೆಯಿರಿ. ಬೆಳ್ಳಿ ರೂಪಾಯಿ ಸುಮಾರು 30 ಮಿ.ಮೀ. ಇರುತ್ತದೆ. ನಾಣ್ಯಕ್ಕಿಂತ ಸ್ವಲ್ಪವೇ ದೊಡ್ಡ ಕಿಟಕಿಯ ಹೋಲ್ಡರ್ ಆರಿಸಿ.

3. ಮೊದಲು ರಟ್ಟಿನ ಮೇಲೆ ವಿವರ ಬರೆಯಿರಿ, ಆಮೇಲೆ ನಾಣ್ಯ ಇಡಿ. ನಾಣ್ಯ ಇಟ್ಟ ಮೇಲೆ ಒತ್ತಿ ಬರೆದರೆ ಕಿಟಕಿ ಹರಿಯಬಹುದು.

4. ಪಿನ್ ಹೊಡೆದ ಮೇಲೆ ಅದರ ಬೆನ್ನನ್ನು ಇಕ್ಕುಳದಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಹಿಂದಿನ ಹಾಳೆಯ ನಾಣ್ಯಕ್ಕೆ ಗೀರು ಬೀಳುತ್ತದೆ.

5. ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ ನಾಣ್ಯಗಳನ್ನು ಒಂದೇ ಕವರಿನಲ್ಲಿ ಸೇರಿಸಬೇಡಿ. ಅಲ್ಯೂಮಿನಿಯಂ ಮೆದು, ಬೇಗ ಗೀರಾಗುತ್ತದೆ.

6. ಆಲ್ಬಮನ್ನು ಪುಸ್ತಕದಂತೆ ನಿಲ್ಲಿಸಿಡಿ. ಜೊತೆಗೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಳೆಗಾಲದ ಮೊದಲು ಮತ್ತು ನಂತರ ಒಮ್ಮೆ ತೆರೆದು ನೋಡಿ.

ಉಂಗುರ ಬೆಸೆದ ಅಥವಾ ತೂತು ಮಾಡಿದ ನಾಣ್ಯಗಳೂ ಸಿಗುತ್ತವೆ. ಸರದಲ್ಲಿ ಪೋಣಿಸಿದ್ದವು ಅವು. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಉಡುಪು, ಒಡವೆಗಳಲ್ಲಿ ಇಂದಿಗೂ ನಾಣ್ಯ ಕಾಣುತ್ತೇವೆ. ಸಂಗ್ರಹಕಾರರ ಲೆಕ್ಕದಲ್ಲಿ ಇಂಥ ನಾಣ್ಯಕ್ಕೆ ಬೆಲೆ ಕಡಿಮೆ. ಆದರೆ ಉಂಗುರ ಕಿತ್ತು ನಾಣ್ಯವನ್ನು ಸರಿ ಮಾಡಲು ಹೋಗಬೇಡಿ. ಆ ಉಂಗುರವೇ ಅದರ ಕಥೆ.

ಲೆಕ್ಕ ಬರೆಯುವುದು

ಈಗ ಮುಖ್ಯ ವಿಷಯಕ್ಕೆ ಬಂದೆ. ಅಂಗಡಿಯಲ್ಲಿ ಸ್ಟಾಕ್ ರಿಜಿಸ್ಟರ್ ಇರುವಂತೆ ನಾಣ್ಯಗಳಿಗೂ ಒಂದು ನೋಟ್‌ಬುಕ್ ಇರಲಿ. ಕಾಲಂಗಳು ಹೀಗೆ: ಕ್ರಮ ಸಂಖ್ಯೆ, ಮುಖಬೆಲೆ, ನಾಣ್ಯದ ಮೇಲಿನ ವರ್ಷ, ಕ್ರಿಸ್ತಶಕ, ಲೋಹ ಮತ್ತು ತೂಕ, ಯಾರಿಂದ ಬಂತು, ಅವರು ಹೇಳಿದ ಮಾತು, ಆಲ್ಬಮಿನ ಪುಟ. ಕೊನೆಗೆ ಇನ್ನೊಂದು ಕಾಲಂ: ಹೊರಹೋದ ದಿನ ಮತ್ತು ಕಾರಣ.

ನಮ್ಮ ಮನೆಯ ನೋಟ್‌ಬುಕ್ಕಿನ ಒಂದು ಸಾಲು ಇಲ್ಲಿದೆ:

ಕ್ರಮ ಸಂಖ್ಯೆ 3. ಒಂದು ರೂಪಾಯಿ, ಹಾಲಿ. ಹಿಜರಿ 1343. ಕ್ರಿ.ಶ. 1924–25. ಬೆಳ್ಳಿ, 11.1 ಗ್ರಾಂ. ದಾದಿಯಿಂದ, ಅವರಿಗೆ ಅವರ ಅತ್ತೆಯಿಂದ. ಮಾತು: ‘ಮದುವೆಯಾಗಿ ಬಂದ ಮೊದಲ ಈದ್‌ಗೆ ಕೊಟ್ಟಿದ್ದು. ಖರ್ಚು ಮಾಡಬೇಡ, ಇಟ್ಟುಕೋ ಅಂದಿದ್ದರು.’ ಪುಟ 1.

ಈ ಸಾಲನ್ನು ನಾನು ಉರ್ದುವಿನಲ್ಲೂ ಕನ್ನಡದಲ್ಲೂ ಬರೆದಿದ್ದೇನೆ. ದಾದಿಯವರಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಚಿಕ್ಕ ತಮ್ಮನಿಗೆ ಉರ್ದು ಓದಲು ಬರುವುದಿಲ್ಲ. ಇಬ್ಬರಿಗೂ ಆ ನಾಣ್ಯ ಸೇರಿದ್ದು.

ದಾದಿಯವರ ಪ್ರಕಾರ ನಮ್ಮ ಮನೆಯಲ್ಲಿ ಇಂಥ ರೂಪಾಯಿ ಹದಿನಾಲ್ಕು ಇದ್ದವು. ಈಗ ಇರುವುದು ಐದು. ಉಳಿದ ಒಂಬತ್ತರಲ್ಲಿ ಕೆಲವು ಆಸ್ಪತ್ರೆ ಖರ್ಚಿಗೆ, ಕೆಲವು ಅತ್ತೆಯ ಮದುವೆಗೆ ಮಾರಾಟವಾದವು. ಅದನ್ನು ತಪ್ಪು ಎಂದು ನಾನು ಹೇಳಲಾರೆ. ಕಷ್ಟಕ್ಕೆ ಆಗಲಿ ಎಂದೇ ಹಿರಿಯರು ಬೆಳ್ಳಿ ಉಳಿಸಿದ್ದರು, ಕಷ್ಟಕ್ಕೆ ಆಯಿತು. ಆದರೆ ಆ ಒಂಬತ್ತರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಯಾವ ವರ್ಷದವು, ಬಾಗಿಲಲ್ಲಿ ಮೀಮ್ ಇತ್ತೋ ಐನ್ ಇತ್ತೋ, ಯಾರ ಕೈಯಿಂದ ಬಂದವು ಏನೂ ಗೊತ್ತಿಲ್ಲ. ಬೆಳ್ಳಿಯ ಜೊತೆ ಮಾತೂ ಕರಗಿಹೋಯಿತು. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ಸರಕು ಮಾರುವುದು ತಪ್ಪಲ್ಲ, ಎಂಟ್ರಿ ಇಲ್ಲದೆ ಮಾರುವುದು ತಪ್ಪು. ಎರಡೂ ಬದಿಯ ಫೋಟೋ, ತೂಕ, ವರ್ಷ, ಕೊಟ್ಟವರ ಹೆಸರು ಬರೆದಿಟ್ಟುಕೊಂಡು ಆಮೇಲೆ ಮಾರಿದರೂ ಮನೆಯಲ್ಲಿ ಏನಾದರೂ ಉಳಿಯುತ್ತದೆ.

ತೋರಿಸುವ ರೀತಿ

ಆಲ್ಬಮಿನಲ್ಲಿ ಹಾಲಿ, ಕಲ್ದಾರ್, ಭಾರತ ಸರ್ಕಾರ ಎಂದು ಮೂರು ಭಾಗ ಮಾಡಬಹುದು. ಇನ್ನೊಂದು ಕ್ರಮವೂ ಇದೆ: ಒಂದು ಪುಟಕ್ಕೆ ಒಂದು ತಲೆಮಾರು. ಮುತ್ತಜ್ಜಿಯ ಕಾಲದ ಹಾಲಿ ರೂಪಾಯಿ, ಅಜ್ಜನ ಕಾಲದ ನಯಾ ಪೈಸೆ, ಅಪ್ಪನ ಕಾಲದ ಇಪ್ಪತ್ತು ಪೈಸೆ, ನಮ್ಮ ಕಾಲದ ಹತ್ತು ರೂಪಾಯಿ. ನೋಡುವವರಿಗೆ ಬೆಲೆ ಏರಿದ ಇತಿಹಾಸ ಒಂದೇ ನೋಟಕ್ಕೆ ತಿಳಿಯುತ್ತದೆ.

ಕಾಲೇಜಿನ ವಸ್ತುಪ್ರದರ್ಶನಕ್ಕೆ ನಾಣ್ಯಗಳನ್ನು ಚಾರ್ಟಿಗೆ ಗಮ್ ಅಥವಾ ಟೇಪಿನಿಂದ ಅಂಟಿಸಬೇಡಿ. ಅಂಟು ಬಿಡಿಸುವಾಗ ನಾಣ್ಯ ಹಾಳಾಗುತ್ತದೆ. ಎರಡೂ ಬದಿಯ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ಚಾರ್ಟಿಗೆ ಅಂಟಿಸಿ, ಕೆಳಗೆ ವಿವರ ಬರೆಯಿರಿ. ಅಸಲಿ ನಾಣ್ಯ ಆಲ್ಬಮಿನಲ್ಲೇ ಇರಲಿ. ಬೆಳ್ಳಿ ನಾಣ್ಯಗಳ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ ಮನೆಯಲ್ಲಿ ಏನಿದೆ ಎಂದು ಊರಿಗೆಲ್ಲ ಸಾರುವುದೂ ಬೇಡ.

ಬೆಲೆ ಮತ್ತು ಕಾನೂನು

ನಾಣ್ಯಕ್ಕೆ ಮೂರು ಬೆಲೆ: ಮುಖಬೆಲೆ, ಲೋಹದ ಬೆಲೆ, ಸಂಗ್ರಹಕಾರ ಕೊಡುವ ಬೆಲೆ. ಹಾಲಿ ರೂಪಾಯಿಗೆ ಈಗ ಮುಖಬೆಲೆ ಇಲ್ಲ, ಉಳಿದ ಎರಡು ಇವೆ. ಸಾಮಾನ್ಯ ಎರಡು ರೂಪಾಯಿ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ. ಇವು ಮೋಸ. ಹಳೆಯ ನೋಟು ಅಥವಾ ನಾಣ್ಯಗಳ ಕೊಳ್ಳುವಿಕೆ, ಮಾರಾಟದಲ್ಲಿ ತಾನು ತೊಡಗಿಲ್ಲ, ಅದಕ್ಕಾಗಿ ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.

ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯಗಳ ವಿಷಯ ಬೇರೆ. ಅವು ನಿಧಿ ಎಂದು ಪರಿಗಣಿಸಲ್ಪಡಬಹುದು. ಇದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳನ್ನು ವಿದೇಶಕ್ಕೆ ಕಳಿಸಲು 1972ರ ಪ್ರಾಚ್ಯವಸ್ತು ಕಾಯ್ದೆ ಅವಕಾಶ ಕೊಡುವುದಿಲ್ಲ. ಗಲ್ಫ್‌ನಲ್ಲಿರುವ ಸಂಬಂಧಿಕರಿಗೆ ಉಡುಗೊರೆಯಾಗಿ ಕಳಿಸುವ ಮೊದಲು ನಾಣ್ಯದ ವರ್ಷ ಓದಿ.

ನೀವು ಮಾಡಬಹುದಾದ ಕೆಲಸ

ಬರುವ ರಜೆಯಲ್ಲಿ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮನೆಯ ಹಿರಿಯರ ಹತ್ತಿರ ಡಬ್ಬಿ ಕೇಳಿ ಪಡೆಯಿರಿ. ಅವರ ಎದುರಿನಲ್ಲೇ ತೆರೆಯಿರಿ. ಒಂದೊಂದೇ ನಾಣ್ಯ ಎತ್ತಿ ತೋರಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಉರ್ದು ಓದಲು ಬಾರದವರು ಬರುವವರನ್ನು ಮನೆಗೆ ಕರೆಯಿರಿ. ಕನ್ನಡದಲ್ಲಿ ಬರೆಯಲು ಕಷ್ಟಪಡುವವರಿಗೆ ಕನ್ನಡ ಬಲ್ಲವರು ನೆರವಾಗಲಿ. ಆಲ್ಬಂ ಮುಂದಿನ ತಿಂಗಳು ಕೊಂಡರೂ ನಡೆಯುತ್ತದೆ, ನಾಣ್ಯ ಅಷ್ಟು ದಿನ ಕಾಯುತ್ತದೆ. ನೋಟ್‌ಬುಕ್ ಮಾತ್ರ ಇಂದೇ ಶುರು ಮಾಡಿ. ಕಥೆ ಬಲ್ಲ ಹಿರಿಯರು ಜೊತೆಗಿರುವಾಗಲೇ ಅದರ ಮೊದಲ ಪುಟ ತುಂಬಲಿ.